ಹಳೇ ಇಂಜಿನ್ನಿಗೆ ಸ್ಪೇರ್ ನಿಲ್ಲಿಸಿದ ವರ್ಷ

ಈ ಬರಹವನ್ನು ಟೈಪ್ ಮಾಡಿಕೊಡುತ್ತಿರುವ ಶೈಲಾ ಮೊನ್ನೆ ಕೆಂಡದಂತಾಗಿದ್ದಳು. ಮಂಡ್ಯದ ಕೋರ್ಟಿನ ಹತ್ತಿರ ಅವಳದೊಂದು ಜೆರಾಕ್ಸ್ ಅಂಗಡಿ. ಅಲ್ಲಿರುವ ಹಳೇ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅನ್ನು ಅದರ ಕಂಪನಿಯವರು ಇನ್ನು ಮುಂದೆ ನೋಡಿಕೊಳ್ಳುವುದಿಲ್ಲವಂತೆ. ಅದರ ಮೇಲೆ ಓಡುವ ಸಾಫ್ಟ್‌ವೇರ್ ಮಾಡಿದವರೂ ಕೈ ಎತ್ತಿದರಂತೆ. "ಚೆನ್ನಾಗೇ ಓಡ್ತಾ ಇದೆ ಅಂಕಲ್, ಒಂದು ದಿನ ಕೈ ಕೊಟ್ಟಿಲ್ಲ. ಹೊಸದು ಮಾರ್ಕೊಳ್ಳೋಕೆ ಇವರ ಆಟ ಇದು" ಅಂದಳು. ನಾನು ನಕ್ಕುಬಿಟ್ಟೆ. ಅವಳಿಗೆ ಇನ್ನೂ ಸಿಟ್ಟು ಬಂತು.

ನಗಬಾರದಿತ್ತು. ಆದರೆ 'ಚೆನ್ನಾಗೇ ಓಡ್ತಾ ಇದೆ' ಅನ್ನುವ ಮಾತನ್ನು ನಾನು ಎಪ್ಪತ್ತರ ದಶಕದಲ್ಲಿ ಕೇಳಿ ಕೇಳಿ ಕಿವಿ ತೂತು ಮಾಡಿಕೊಂಡವನು. ಆಗ ಇದ್ದದ್ದು ಕಂಪ್ಯೂಟರಲ್ಲ, ಆಯಿಲ್ ಇಂಜಿನ್. ಬೈಸಿಕೊಳ್ಳುವ ಕಡೆ ನಿಂತಿದ್ದವನು ನಾನು. ಈಗ ಸರ್ವಿಸ್ ಕೆಲಸಕ್ಕೆ ಸೇರುತ್ತಿರುವವರು, ಅದು ಯಾವ ಯಂತ್ರವೇ ಆಗಲಿ, ಒಂದಲ್ಲ ಒಂದು ದಿನ ಗಿರಾಕಿಯ ಮುಖ ನೋಡಿಕೊಂಡು 'ಇದಕ್ಕೆ ಇನ್ನು ನಮ್ಮಲ್ಲಿ ಏನೂ ಸಿಗಲ್ಲ' ಅನ್ನಬೇಕಾಗುತ್ತದೆ. ಹೇಗೆ ಅನ್ನಬೇಕು ಅಂತ ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎನ್ನುವುದನ್ನೆಲ್ಲ ನನ್ನ ಹೆಂಡತಿಯನ್ನು ಕೇಳಿ, ಅವಳಿಗೆ ನೆನಪಿದೆ.

ನಾನು ಮದ್ದೂರು ಕಡೆಯವನು. ಐ.ಟಿ.ಐ. ಮುಗಿಸಿ ಮಂಡ್ಯದ ಒಂದು ಇಂಜಿನ್ ಏಜೆನ್ಸಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿಕೊಂಡೆ. ಇಂಜಿನ್ ತಯಾರಿಸುವ ಕಂಪನಿ ಎಲ್ಲೋ ದೂರದ ಊರಿನಲ್ಲಿತ್ತು, ಅದರ ಹೆಸರು ಈಗ ಬೇಡ. ಅವರು ತಯಾರಿಸಿದ್ದನ್ನು ಮಾರುವುದು, ಕೆಟ್ಟರೆ ಹೋಗಿ ರಿಪೇರಿ ಮಾಡುವುದು ನಮ್ಮ ಕೆಲಸ. ಆಗ ಎಷ್ಟೋ ಹಳ್ಳಿಗೆ ಕರೆಂಟು ಬಂದಿರಲಿಲ್ಲ, ಬಂದ ಕಡೆಯೂ ನಿಲ್ಲುತ್ತಿರಲಿಲ್ಲ. ರಾಗಿ ಬೀಸುವ ಮಿಲ್ಲಿಗೆ, ಕಬ್ಬು ಅರೆಯುವ ಆಲೆಮನೆಗೆ, ಹೊಳೆಯಿಂದ ನೀರೆತ್ತುವ ಪಂಪಿಗೆ ಆಯಿಲ್ ಇಂಜಿನ್ನೇ ಗತಿ. ಬಸ್ಸಿನ ಮೇಲೆ ಸಾಮಾನಿನ ಚೀಲ ಹಾಕಿ ಮಳವಳ್ಳಿ ರಸ್ತೆಯಲ್ಲಿ ಎಲ್ಲೋ ಇಳಿದುಕೊಂಡು, ಅಲ್ಲಿಂದ ಚೀಲ ಹೊತ್ತು ಬದುವಿನ ಮೇಲೆ ನಡೆಯುವುದು. ಹಳ್ಳಿಯವರು ನಮ್ಮನ್ನು ಮೇಸ್ತ್ರಿ ಅನ್ನುತ್ತಿದ್ದರು. ಇಂಜಿನ್ ಕೆಟ್ಟಾಗ ದೇವರು ಬಂದಂತೆ ಕರೆಯುತ್ತಿದ್ದರು, ಸರಿಹೋದ ಮೇಲೆ 'ಇಷ್ಟೇನಾ? ಇದನ್ನ ನಾವೇ ಮಾಡ್ಕಳ್ತಿದ್ವಿ' ಅನ್ನುತ್ತಿದ್ದರು.

ನಮ್ಮ ಸೂಪರ್‌ವೈಸರ್ ಶ್ರೀನಿವಾಸಯ್ಯ. ಹಣೆಯಲ್ಲಿ ಅಂಗಾರ ಅಕ್ಷತೆ, ಮೈಮೇಲೆ ಗ್ರೀಸ್ ಹತ್ತಿದ ಖಾಕಿ ಅಂಗಿ, ಬಾಯಿ ತೆರೆದರೆ ಬೈಗುಳ. ಸೇರಿದ ಮೊದಲ ದಿನ ಅವರ ಜೊತೆ ಒಂದು ಆಲೆಮನೆಗೆ ಹೋಗಿದ್ದೆ. ಹಳೇ ಮಾದರಿಯ ದೊಡ್ಡ ಇಂಜಿನ್, ಎರಡು ಕಡೆಯೂ ಎದೆಮಟ್ಟದ ಎರಕದ ಚಕ್ರ. ಚಕ್ರ ತಿರುಗುವ ಅಂದ ನೋಡುತ್ತ ಅದರ ಎದುರಿಗೇ ನಿಂತಿದ್ದೆ. ಶ್ರೀನಿವಾಸಯ್ಯ ಹಿಂದಿನಿಂದ ಬಂದು ಕಾಲರ್ ಹಿಡಿದು ಎಳೆದರು. ನಾನು ಕಬ್ಬಿನ ಸಿಪ್ಪೆಯ ರಾಶಿಗೆ ಹೋಗಿ ಬಿದ್ದೆ.

"ಸಾಯ್ತೀನಿ ಅಂತ ಮನೇಲಿ ಹೇಳಿ ಬಂದಿದೀಯೇನಯ್ಯಾ?" ಎಂದು ಎಲ್ಲರೆದುರಿಗೆ ಗದರಿದರು. "ಚಕ್ರದ ನೇರಕ್ಕೆ ನಿಲ್ಲಬಾರದು. ಪಕ್ಕಕ್ಕೆ ನಿಲ್ಲಬೇಕು. ತಿಳೀತೇನೋ?"

ಈ ಮನುಷ್ಯನಿಗೆ ತಲೆ ಸರಿಯಿಲ್ಲ ಅಂದುಕೊಂಡೆ. ಅಷ್ಟು ದಪ್ಪ ಎರಕ, ಎಲ್ಲಿಗೆ ಹಾರಿ ಹೋಗುತ್ತದೆ? ಆದರೂ ಅವರ ಜೊತೆ ಹೋದಾಗಲೆಲ್ಲ ಪಕ್ಕಕ್ಕೆ ನಿಲ್ಲುವುದು ಅಭ್ಯಾಸವಾಯಿತು, ಬೈಗುಳದ ಭಯಕ್ಕೆ.

ನನ್ನ ಎಡವಟ್ಟುಗಳನ್ನೂ ಹೇಳಬೇಕು, ಇಲ್ಲದಿದ್ದರೆ ನಾನೇನೋ ದೊಡ್ಡ ಪಂಡಿತ ಅಂದುಕೊಂಡೀರಿ. ವೈದ್ಯನಾಥಪುರದ ಕಡೆ ಹೊಳೆ ದಂಡೆಯ ಪಂಪಿನ ಇಂಜಿನ್ ಹೊತ್ತಿಕೊಂಡು ಸ್ವಲ್ಪ ಹೊತ್ತಿಗೇ ಆರಿಹೋಗುತ್ತಿತ್ತು. ಬೆಳಗ್ಗೆಯಿಂದ ಪೂರ್ತಿ ಬಿಚ್ಚಿ, ಗೋಣಿತಾಟಿನ ಮೇಲೆ ಹರಡಿ, ಒರೆಸಿ, ಮತ್ತೆ ಕಟ್ಟಿದೆ. ಮತ್ತೆ ಆರಿತು. ಮಧ್ಯಾಹ್ನದ ಊಟ ಆಯಿತು, ಮತ್ತೆ ಬಿಚ್ಚಿದೆ. ಮನೆಯ ಮುದುಕಿಯೊಬ್ಬರು ನೋಡುತ್ತ ಕೂತಿದ್ದವರು ಮಗನಿಗೆ ಕೂಗಿ ಹೇಳಿದರು: "ಲೇ, ಇವ್ನು ಇಂಜಿನ್ ಮಾಡಕ್ ಬಂದವ್ನೋ, ನಮ್ಮನೆ ಇಟ್ಟು ತಿನ್ನಕ್ ಬಂದವ್ನೋ ಕೇಳ್ಲಾ!" ಕೊನೆಗೆ ನೋಡಿದರೆ ಎಣ್ಣೆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ತೂತಿಗೆ ಕಡಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಒಂದು ಕಡ್ಡಿಯಲ್ಲಿ ಮುಗಿಯುವ ಕೆಲಸ. ಅಂದಿನಿಂದ ಮೊದಲು ಹೊರಗಿನದನ್ನು ನೋಡುವುದು, ಆಮೇಲೆ ಒಳಗಿನದನ್ನು ಬಿಚ್ಚುವುದು ಕಲಿತೆ.

ಹೊರಗಿನದು ಅಂದೆನಲ್ಲ, ನಮ್ಮ ಹಳೇ ಮಾದರಿಯ ಇಂಜಿನ್ನಿನ ದೊಡ್ಡ ರೋಗ ಇದ್ದದ್ದೇ ಹೊರಗೆ. ಅದರ ಹೆಸರು ಗವರ್ನರ್. ಇಂಜಿನ್ ಜಾಸ್ತಿ ಓಡದಂತೆ ಹಿಡಿಯುವ ಕಡಿವಾಣ ಅದು. ಎರಡು ಗುಂಡು ತಿರುಗುತ್ತಿರುತ್ತವೆ, ಓಟ ಜಾಸ್ತಿಯಾದರೆ ಅವು ಹೊರಕ್ಕೆ ಹೋಗಿ ಒಂದು ಸರಳನ್ನು ಎಳೆಯುತ್ತವೆ, ಸರಳು ಎಣ್ಣೆ ಕಡಿಮೆ ಮಾಡುತ್ತದೆ. ಗುಂಡು ಹಿಂದಕ್ಕೆ ಬರಲು ಒಂದು ಸ್ಪ್ರಿಂಗು. ಹೊಸ ಮಾದರಿಯಲ್ಲಿ ಇದೆಲ್ಲ ಮುಚ್ಚಿದ ಡಬ್ಬಿಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ. ಹಳೆಯದರಲ್ಲಿ ಬಯಲಿಗೇ ಇತ್ತು, ಧೂಳು, ರಾಗಿ ಹಿಟ್ಟು, ಎಲ್ಲ ಅದರ ಮೇಲೇ.

ಅದರ ಜೊತೆಗೆ ನಮ್ಮವರ ಭಕ್ತಿ. ಆಯುಧಪೂಜೆ ಬಂತು ಅಂದರೆ ಎತ್ತಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವಂತೆ ಇಂಜಿನ್ನಿಗೂ ಮೈ ತುಂಬ ಹೊಸ ಬಣ್ಣ. ದಪ್ಪ ಕೆಂಪು ಆಯಿಲ್ ಪೇಂಟು. ಚಕ್ರಕ್ಕೆ ಕೆಂಪು, ಕಡ್ಡಿಗೆ ಹಳದಿ, ಗವರ್ನರಿನ ಗುಂಡಿಗಂತೂ ಮುದ್ದು ಮಾಡಿ ಹಸಿರು. ಗುಂಡಿನ ಕೀಲಿಗೆ, ಸರಳಿನ ಕೀಲಿಗೆ ಬಣ್ಣ ಇಳಿದು ಒಣಗಿ ಕಲ್ಲಾಗುತ್ತಿತ್ತು. ಕೀಲು ಹಿಡಿದುಕೊಂಡರೆ ಕಡಿವಾಣ ಎಳೆದರೂ ಬರುವುದಿಲ್ಲ. ಹಾಗಾಗಿ ಹಬ್ಬ ಕಳೆದ ತಕ್ಷಣ ನಮಗೆಲ್ಲ ಒಂದೇ ಕೆಲಸ, ಬಣ್ಣ ಕೆರೆಯುವುದು. ಸೀಮೆಎಣ್ಣೆ, ತಂತಿಯ ಬ್ರಷ್ಷು, ಮುರಿದ ಗರಗಸದ ಬ್ಲೇಡು ಹಿಡಿದು ಮಿಲ್ಲಿನಿಂದ ಮಿಲ್ಲಿಗೆ ತಿರುಗುತ್ತಿದ್ದೆವು. ನಾವು ಕೆರೆದು ಮುಗಿಸುವ ತನಕ ಇಂಜಿನ್ ಹಚ್ಚಬಾರದು ಅಂತ ಶ್ರೀನಿವಾಸಯ್ಯನವರ ಕಟ್ಟಪ್ಪಣೆ.

ಹಾಗೆ ಪ್ರತಿ ವರ್ಷ ಹೋಗುತ್ತಿದ್ದ ಮಿಲ್ಲುಗಳಲ್ಲಿ ಒಂದು ಬೋರೇಗೌಡರದು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿಳಿದು ಒಳಕ್ಕೆ ನಡೆದರೆ ಸಿಗುವ ಒಂದು ಕೊಪ್ಪಲು. ಇಂಜಿನ್ ಅವರ ಅಪ್ಪ ತಂದದ್ದು, ಮದ್ದೂರು ಸ್ಟೇಷನ್ನಿನಿಂದ ಗಾಡಿಯ ಮೇಲೆ. ಆ ಮೆರವಣಿಗೆಯ ಕತೆಯನ್ನು ನಾನು ಹೋದಾಗಲೆಲ್ಲ ಹೇಳುತ್ತಿದ್ದರು, ನಾನೂ ಹೋದಾಗಲೆಲ್ಲ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದೆ. ಇಂಜಿನ್ ನೋಡಿಕೊಳ್ಳುತ್ತಿದ್ದವರು ಬೋರೇಗೌಡರು. ಗೋಡೆಯ ಆಚೆ ರಾಗಿ ಸುರಿಯುವುದು, ಹಿಟ್ಟು ಹಿಡಿಯುವುದು, ಜನರ ಬಾಯಿಗೆ ಬಾಯಿ ಕೊಡುವುದು ಅವರ ಹೆಂಡತಿ ಚಿಕ್ಕತಾಯಮ್ಮ. ಸುತ್ತಿನ ಹಳ್ಳಿಗಳಿಗೆಲ್ಲ ಅದೊಂದೇ ಮಿಲ್ಲು.

ಒಂದು ವರ್ಷ ಬಣ್ಣ ಕೆರೆದು ಕೆರೆದು ರೇಗಿಹೋಯಿತು. "ಗೌಡ್ರೇ, ಚಕ್ರಕ್ಕೆ ಎಷ್ಟಾದ್ರೂ ಬಳ್ಕೊಳ್ಳಿ. ಈ ಗುಂಡಿನ ಹತ್ರ ಮಾತ್ರ ಬ್ರಷ್ ತರಬೇಡಿ, ನಿಮ್ಮ ದಮ್ಮಯ್ಯ" ಅಂದೆ.

"ಅದೆಂಗ್ಲಾ ಮೇಸ್ತ್ರಿ?" ಬೋರೇಗೌಡರು ನಿಜವಾಗಿಯೂ ಬೇಜಾರಾದರು. "ದೇವ್ರಿಗೆ ಮೈಯೆಲ್ಲಾ ಸಿಂಗಾರ ಮಾಡಿ ಕೈ ಒಂದ ಅಂಗೇ ಬುಡಕ್ಕಾಯ್ತದಾ?"

"ಕೈ ಅಲ್ಲ ಗೌಡ್ರೇ, ಕುತ್ತಿಗೆ ಅದು."

"ಕುತ್ಗೆ ಆದ್ರೆ ಇನ್ನೂ ಆಕ್ಬೇಕು ಕಣ್ಲಾ" ಎಂದು ನಕ್ಕರು. "ನೀನಿದ್ದೀಯಲ್ಲ ಕೆರ್ಯಕ್ಕೆ. ಸುಮ್ಕೆ ಕೆರಿ, ಬಾಡೂಟ ಐತೆ."

ಚಿಕ್ಕತಾಯಮ್ಮ ಗೋಡೆಯ ಆಚೆಯಿಂದಲೇ, "ಆ ವಯ್ಯನ್ಗೆ ಏಳಿ ಪ್ರಯೋಜ್ನ ಇಲ್ಲ ಕಣಪ್ಪ. ನನ್ನ ಮಾತ್ನೇ ಕೇಳಾಕಿಲ್ಲ, ನಿನ್ನ ಮಾತ್ ಕೇಳ್ತಾರಾ?" ಅಂದರು. ಎಲ್ಲರೂ ನಕ್ಕೆವು. ಬಾಡೂಟ ಚೆನ್ನಾಗಿತ್ತು.

ಹೊಸ ಮಾದರಿ ಬಂದ ಮೇಲೆ ಹಳೆಯದರ ಸಾಮಾನು ಬರುವುದು ನಿಧಾನವಾಗುತ್ತ ಬಂತು. ಬರೆದರೆ ಉತ್ತರ ಇಲ್ಲ. ಬಂದ ಸಾಮಾನು ಅಳತೆಗೆ ಕೂರುತ್ತಿರಲಿಲ್ಲ, ಉಜ್ಜಿ ಉಜ್ಜಿ ಕೂರಿಸಬೇಕಾಗಿತ್ತು. ಆಗ ನಾವು ಒಂದು ದಾರಿ ಕಂಡುಕೊಂಡೆವು. ಕೆಟ್ಟು ಮೂಲೆ ಸೇರಿದ ಇಂಜಿನ್ನುಗಳ ಅಂಗಾಂಗ ಕಿತ್ತು ಓಡುತ್ತಿರುವವಕ್ಕೆ ಹಾಕುವುದು. ಸತ್ತ ಇಂಜಿನ್ನಿನ ಗವರ್ನರಿಗೆ ನಮ್ಮೊಳಗೆ ಜಗಳ ಆಗುತ್ತಿತ್ತು. ಅದೂ ಸವೆದದ್ದೇ, ಇದೂ ಸವೆದದ್ದೇ, ಆದರೆ ಗಿರಾಕಿಗೆ ಖುಷಿ. ನಮಗೂ ಹೆಮ್ಮೆ, ಕಂಪನಿ ಕೈ ಬಿಟ್ಟರೂ ನಾವು ಓಡಿಸುತ್ತಿದ್ದೇವಲ್ಲ ಅಂತ.

ಆಮೇಲೆ ಕಂಪನಿಯಿಂದ ಸುತ್ತೋಲೆ ಬಂತು. ಹಳೇ ಮಾದರಿಯ ತಯಾರಿಕೆ ನಿಂತಿದೆ, ಬಿಡಿಭಾಗ ಕೊಡುವುದಿಲ್ಲ, ಏಜೆನ್ಸಿಯವರು ಅದರ ಸರ್ವಿಸ್ ಮಾಡತಕ್ಕದ್ದಲ್ಲ, ಹಳೆಯದನ್ನು ಹಿಂದಿರುಗಿಸಿದರೆ ಹೊಸದಕ್ಕೆ ರಿಯಾಯಿತಿ. ಅಷ್ಟೇ. ಕಾರಣ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದರೆ ಹಿತ್ತಲಲ್ಲಿ ಶ್ರೀನಿವಾಸಯ್ಯ ಉಗ್ರಾಣದಲ್ಲಿ ಉಳಿದಿದ್ದ ಹಳೇ ಗವರ್ನರುಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆಯುತ್ತಿದ್ದರು. ಕಾಗದ ಸುತ್ತಿದ್ದ, ಗ್ರೀಸ್ ಬಳಿದಿದ್ದ, ಯಾರೂ ಮುಟ್ಟದ ಸಾಮಾನು.

"ಸಾರ್! ಅವು ಹೊಸಾವು ಸಾರ್!"

"ಹೊಸಾವೇ ಕಣಯ್ಯ. ಅದಕ್ಕೇ ಒಡೀತಿರೋದು."

"ಬೋರೇಗೌಡ್ರ ಮಿಲ್ಲಿಗೆ ಒಂದಾದ್ರೂ ಇಟ್ಕೊಳ್ಳಿ. ಅಲ್ಲಿ ಸ್ಪ್ರಿಂಗ್ ಸತ್ತೋಗಿದೆ."

ಅವರು ಸುತ್ತಿಗೆ ಕೆಳಗಿಟ್ಟರು. ಬೈಯುತ್ತಾರೆ ಅಂತ ನಿಂತೆ, ಬೈಯಲಿಲ್ಲ. "ನೋಡು, ಇವನ್ನ ಎರಕ ಹೊಯ್ಯೋ ಅಚ್ಚು ಸವೆದಿದೆ. ಹೊಯ್ಯೋರು ರಿಟೈರ್ ಆಗಿದಾರೆ. ಹಳೇದರ ಹಿಂದೆ ನಾವು ಓಡ್ತಾ ಇದ್ರೆ ಹೊಸದನ್ನ ನೋಡೋರು ಯಾರು? ಇವೆಲ್ಲ ಕಂಪನಿ ಕಾರಣ. ನನ್ನ ಕಾರಣ ಬೇರೆ." ಒಂದು ಗವರ್ನರನ್ನು ಎತ್ತಿ ಹಿಡಿದರು. "ಇದು ಹೊಸದಾದ್ರೂ ಬಯಲಲ್ಲೇ ಕೂರತ್ತೆ. ಸೀದಾ ಇದರ ಹುಟ್ಟಿನಲ್ಲೇ ದೋಷ. ನಾನು ನಿನ್ನ ವಯಸ್ಸಿನಲ್ಲಿ ಬೇರೆ ಜಿಲ್ಲೆಯಲ್ಲಿದ್ದೆ. ಒಂದು ಎಣ್ಣೆ ಮಿಲ್ಲಿನಲ್ಲಿ ಇದೇ ಇಂಜಿನ್ನಿನ ಕಡಿವಾಣ ಹಿಡ್ಕೊಂಡು, ಓಟ ಏರಿ ಏರಿ ಚಕ್ರ ಒಡೀತು. ಬಾಂಬ್ ಇದ್ದ ಹಾಗೆ. ನಾನು ಪಕ್ಕಕ್ಕೆ ನಿಂತಿದ್ದೆ. ನನ್ನ ಜೊತೆಗಾರ ನೇರಕ್ಕೆ ನಿಂತಿದ್ದ. ಅಷ್ಟೇ ವ್ಯತ್ಯಾಸ. ನಾವು ಸ್ಪೇರ್ ಕೊಡ್ತಾ ಹೋದ್ರೆ ಇದನ್ನ ಯಾರೂ ಕಿತ್ತು ಹಾಕಲ್ಲ ಕಣಯ್ಯ."

"ಹಂಗಾದ್ರೆ ಸುತ್ತೋಲೇಲಿ ಇದನ್ನ ಯಾಕೆ ಬರೆದಿಲ್ಲ ಸಾರ್?" ಅಂದೆ.

"ಬರೆದರೆ, ಇಷ್ಟು ವರ್ಷ ಯಾಕೆ ಮಾರಿದ್ರಿ ಅಂತ ಕೇಳ್ತಾರಲ್ಲ" ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಬೋರೇಗೌಡರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೋದೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಸುತ್ತೋಲೆಯಲ್ಲಿ ಇಲ್ಲದ್ದನ್ನೂ ಬಿಡದೆ ಹೇಳಿದೆ. ಸ್ಪೇರ್ ಇಲ್ಲ, ನಾನೂ ಬರುವುದಿಲ್ಲ, ಈ ಗವರ್ನರ್ ಹಿಡಿದುಕೊಂಡರೆ ಚಕ್ರ ಸಿಡಿಯುತ್ತದೆ, ಶ್ರೀನಿವಾಸಯ್ಯನವರು ಇನ್ನೊಂದು ಕಡೆ ಕಣ್ಣಾರೆ ಕಂಡಿದ್ದಾರೆ, ಎದುರಿಗಿದ್ದವರು ಉಳಿಯುವುದಿಲ್ಲ, ಹೊಸದು ಹಾಕಿಕೊಳ್ಳಿ.

"ಹೊಸಾದ? ಮದ್ದೂರಲ್ ನೋಡಿವ್ನಿ ಬುಡು. ಕೋಳಿ ಇದ್ದಂಗೈತೆ. ಅದ್ರ ಸದ್ದು ಕೇಳ್ಕಂಡು ಯಾರ್ ರಾಗಿ ಒತ್ಕಂಡ್ ಬತ್ತಾರೆ?"

"ಅಣ್ಣ, ತಮಾಸೆ ಅಲ್ಲ. ಸಾಯ್ತೀರಿ."

"ಲೇ ಮೇಸ್ತ್ರಿ." ಅವರ ದನಿ ಬದಲಾಯಿತು. "ನಮ್ಮಪ್ಪನ ಕಾಲ್ದಿಂದ ಓಡ್ತಾ ಐತೆ. ಒಂದು ಹುಳಾನಾದ್ರೂ ಸಾಯಿಸೈತಾ? ಅದು ಅಷ್ಟು ಕೆಟ್ಟದ್ದಾಗಿದ್ರೆ ನೀನ್ಯಾಕ್ಲಾ ವರ್ಸಾ ವರ್ಸಾ ಬಂದು ಸರಿ ಮಾಡ್ಕೊಡ್ತಿದ್ದೆ? ನೀ ಸರಿ ಮಾಡ್ದಾಗೆಲ್ಲ ಚಂದಾಗ್ ಓಡ್ತಲ್ಲ? ಈಗ ಕಂಪ್ನಿಯವ್ನು ಒಂದ್ ಕಾಗ್ದ ಬರ್ದ ತಕ್ಷಣ ಕೊಲೆಪಾತಕಿ ಆಗೋಯ್ತಾ?"

ನನ್ನ ರಿಪೇರಿಯೇ ಅವರಿಗೆ ಸಾಕ್ಷಿ. ಬೈದರೆ ಕೇಳುವ ಜನ ಅಲ್ಲ, ಬೇಡಿಕೊಂಡೆ. ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೊರಟಾಗ ಬೇಲಿಯ ತನಕ ಬಂದು, "ನಿಜ್ವಾಗ್ಲೂ ಒಡೀತದಾ ಅದು?" ಅಂದರು.

"ಒಡೆಯುತ್ತೆ ಅಕ್ಕ. ಯಾವತ್ತು ಅಂತ ಗೊತ್ತಿಲ್ಲ."

"ಅದೇ ನೋಡು ಕಷ್ಟ. ಯಾವತ್ತು ಅಂತ ಏಳಿದ್ರೆ ಅವತ್ತು ಕೈ ಇಡ್ಕಂಡು ಕೂರಿಸ್ಕತ್ತಿದ್ದೆ" ಅಂದರು. ತಮಾಷೆ ಮಾಡುತ್ತಿರಲಿಲ್ಲ.

ಅದಾದ ಮೇಲೆ ನಾನು ಆ ಕೊಪ್ಪಲಿಗೆ ಹೋಗಲಿಲ್ಲ. ಮಳವಳ್ಳಿ ಬಸ್ಸಿನಲ್ಲಿ ಹೋಗುವಾಗ ಗಾಳಿ ಈ ಕಡೆ ಬೀಸಿದರೆ ಅದರ ಡುಬ್ ಡುಬ್ ಸದ್ದು ಕೇಳಿಸುತ್ತಿತ್ತು. ಸದ್ದು ಕೇಳಿದರೆ ಸಮಾಧಾನ, ಭಯ, ಎರಡೂ. ಯಾರೋ ಲೇತ್‌ನವನು ಅದಕ್ಕೊಂದು ಸ್ಪ್ರಿಂಗ್ ಮಾಡಿಕೊಟ್ಟನಂತೆ ಅಂತ ಸುದ್ದಿ ಬಂತು. ಹೇಗೆ ಮಾಡಿದನೋ, ಎಷ್ಟು ಗಡಸು ಮಾಡಿದನೋ. ಮಾರುಕಟ್ಟೆಯಲ್ಲಿ ಸಿಕ್ಕ ಬೋರೇಗೌಡರ ಊರಿನವನೊಬ್ಬ ನನ್ನನ್ನು ಕಂಡು, "ನೀವಿಲ್ದಿದ್ರೂ ಓಡ್ತಾ ಐತೆ ಕಣ್ ಮೇಸ್ತ್ರಿ, ಮುಂಚಿಗಿಂತ ಜೋರಾಗೈತೆ" ಎಂದು ಹಂಗಿಸಿದ. ಸ್ಪ್ರಿಂಗು ಗಡಸಾದರೆ ಗುಂಡು ಹೊರಕ್ಕೆ ಹೋಗುವುದಿಲ್ಲ, ಓಟ ಏರುತ್ತದೆ; ಜೋರಾಗಿದೆ ಅನ್ನುವ ಮಾತೇ ನನಗೆ ಬೇಡವಾಗಿತ್ತು. ಶ್ರೀನಿವಾಸಯ್ಯನವರಿಗೆ ಹೇಳಿದೆ. ಅವರು ಸ್ವತಃ ಹೋಗಿ ಬಂದರು. ಬೋರೇಗೌಡರು ಮರ್ಯಾದೆಯಿಂದ ಬಾಳೆಹಣ್ಣು ಕೊಟ್ಟು, ಇಂಜಿನ್ ಮನೆಯ ಬಾಗಿಲು ಮಾತ್ರ ತೆಗೆಯದೆ ಕಳಿಸಿದರಂತೆ.

ಆ ವರ್ಷವೂ ಆಯುಧಪೂಜೆ ಬಂತು. ಹಬ್ಬ ಕಳೆದು ನಾವು ಬೇರೆ ಇಂಜಿನ್ನುಗಳ ಸರ್ವಿಸಿಗೆ ಹೊರಡುವ ತಯಾರಿಯಲ್ಲಿದ್ದೆವು. ಹಳೆಯವು ಪಟ್ಟಿಯಲ್ಲಿರಲಿಲ್ಲ, ಬಣ್ಣ ಕೆರೆಯುವವರು ಯಾರೂ ಇರಲಿಲ್ಲ. ಬೆಳಗ್ಗೆ ಅಂಗಡಿಯ ಬಾಗಿಲಿಗೆ ಸೈಕಲ್ ಮೇಲೆ ಒಬ್ಬ ಬಂದ. ಬಸ್ಸಿಗೂ ಕಾಯದೆ ಅಷ್ಟು ದೂರದಿಂದ ತುಳಿದುಕೊಂಡು ಬಂದಿದ್ದ. ಏದುಸಿರಿನಲ್ಲಿ ಮಾತೇ ಹೊರಡಲಿಲ್ಲ. ಶ್ರೀನಿವಾಸಯ್ಯ ಅವನ ಮುಖ ನೋಡಿದವರೇ ಚಪ್ಪಲಿ ಮೆಟ್ಟಿದರು. ನನ್ನ ಕಡೆ ತಿರುಗಿ, "ಚನ್ನೇಗೌಡ, ಬಾ" ಅಂದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಮಿಲ್ಲಿನ ಹೆಂಚಿನ ಸೂರು ಅರ್ಧ ಇರಲಿಲ್ಲ. ಗೋಡೆಯಲ್ಲಿ ಎತ್ತು ನುಗ್ಗುವಷ್ಟು ಬಾಯಿ. ಚಕ್ರದ ಒಂದು ಹೋಳು ಕಬ್ಬಿನ ಗದ್ದೆಯಲ್ಲಿ ಬಿದ್ದಿತ್ತು, ಹೊಸ ಕೆಂಪು ಬಣ್ಣ, ಹಬ್ಬದ ಕುಂಕುಮ ಇನ್ನೂ ಅದರ ಮೇಲಿತ್ತು. ಬೋರೇಗೌಡರನ್ನು ಜಗಲಿಯ ಮೇಲೆ ಮಲಗಿಸಿ ಪೂರ್ತಿ ಮುಚ್ಚಿದ್ದರು. ಮುಖ ನೋಡಬೇಕು ಅಂದೆ. ಅವರ ತಮ್ಮ ನನ್ನ ಎದೆಗೆ ಕೈ ಇಟ್ಟು, "ಬ್ಯಾಡ ಕಣ್ ಮೇಸ್ತ್ರಿ, ನೋಡಕ್ ಏನೂ ಇಲ್ಲ" ಅಂದ.

ಆದದ್ದು ಇಷ್ಟು. ಹಬ್ಬ ಮುಗಿದ ಮೇಲೆ ಮೊದಲ ದಿನ, ರಾಗಿ ಹೊತ್ತ ಜನ ತುಂಬಿದ್ದರು. ಇಂಜಿನ್ನಿನಿಂದ ಮಿಲ್ಲಿಗೆ ಹೋಗುವ ಬೆಲ್ಟು ಕಿತ್ತುಹೋಯಿತು. ಭಾರ ಇಳಿದರೆ ಓಟ ಏರುವುದು ಇಂಜಿನ್ನಿನ ಗುಣ. ಗವರ್ನರ್ ಸರಿ ಇದ್ದರೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಅದು ನಿಲ್ಲಿಸಲಿಲ್ಲ. ಇಂಜಿನ್ ಕಿರುಚಿಕೊಂಡಿತಂತೆ. ಜನ ಹೊರಕ್ಕೆ ಓಡಿದರು. ಬೋರೇಗೌಡರು ಎಣ್ಣೆ ನಿಲ್ಲಿಸಲು ಒಳಕ್ಕೆ ಓಡಿದರು. ಎಣ್ಣೆಯ ತಿರುಪು ಇದ್ದದ್ದು ಚಕ್ರದ ನೇರಕ್ಕೆ.

ಶ್ರೀನಿವಾಸಯ್ಯ ಅವಶೇಷದ ನಡುವೆ ಕೂತು ಗವರ್ನರಿನ ಸರಳನ್ನು ಹುಡುಕಿ ತೆಗೆದರು. ಉಗುರಿನಿಂದ ಕೀಲನ್ನು ಕೆರೆದರು. ಹಸಿರು ಬಣ್ಣ, ಪದರ ಪದರವಾಗಿ. ನನಗೆ ಅಲ್ಲೇ ಗೋಳೋ ಅಂತ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಜನ ನಮ್ಮನ್ನು ಸುಮ್ಮನೆ ಬಿಡಲಿಲ್ಲ. "ಕಂಪ್ನಿಯವ್ರು ನಡ್ ನೀರಲ್ ಕೈ ಬುಟ್ರು. ವರ್ಸಾ ವರ್ಸಾ ಬತ್ತಿದ್ರೆ ಇಂಗಾಯ್ತಿತ್ತಾ?" ಅಂದರು. ಒಬ್ಬ ಕಲ್ಲೆತ್ತಿದ, ಬೋರೇಗೌಡರ ತಮ್ಮ ತಡೆದ. ಅವರ ಮಾತು ಸುಳ್ಳಲ್ಲ. ನಾವು ಆ ವರ್ಷ ಹೋಗಿ ಬಣ್ಣ ಕೆರೆದಿದ್ದರೆ ಆ ದಿನ ಅವರು ಸಾಯುತ್ತಿರಲಿಲ್ಲ. ಇದು ಸತ್ಯ. ಈ ಕೆಲಸಕ್ಕೆ ಬರುವವರು ಈ ಸತ್ಯವನ್ನು ಜೇಬಿನಲ್ಲಿಟ್ಟುಕೊಂಡೇ ಬರಬೇಕು.

ತಿಥಿ ಕಳೆದ ಮೇಲೆ ನಾನೊಬ್ಬನೇ ಹೋದೆ. ಹೋಗಬೇಡ ಅಂತ ಎಲ್ಲರೂ ಹೇಳಿದರು, ಶ್ರೀನಿವಾಸಯ್ಯ ಒಬ್ಬರು ಬಸ್ಸಿಗೆ ಹತ್ತಿಸಿದರು. ಚಿಕ್ಕತಾಯಮ್ಮ ಪಡಸಾಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದರು. ಊರಿಗೆಲ್ಲ ಹಿಟ್ಟು ಮಾಡಿಕೊಟ್ಟ ಮನೆಯಲ್ಲಿ ಆ ಹೊತ್ತಿಗೆ ಹಿಟ್ಟಿರಲಿಲ್ಲ. ನನ್ನನ್ನು ನೋಡಿ ಕೂತುಕೋ ಎಂದು ಕೈ ತೋರಿಸಿದರು. ಬೈಯಲಿ ಅಂತ ಕಾದೆ. ಬೈದರೆ ಹಗುರಾಗುತ್ತೇನೆ ಅನ್ನುವ ಆಸೆಯೂ ಇತ್ತು.

"ನೀವ್ ಬರ್ಲೇ ಇಲ್ಲ ಅಂತ ಊರೋರು ಬಯ್ತಾವ್ರೆ" ಅಂದರು. "ನಂಗೆ ಅದಲ್ಲ."

"ಹೇಳಿ ಅಕ್ಕ."

"ಅದು ಒಡೀತದೆ ಅಂತ ನಿಮ್ಮ ಅಯ್ನೋರ್ಗೆ ಮೊದ್ಲೇ ಗೊತ್ತಿತ್ತಂತಲ್ಲ, ಕಂಪ್ನಿಗೂ ಗೊತ್ತಿತ್ತಂತಲ್ಲ. ಗೊತ್ತಿದ್ಮ್ಯಾಲೆ ಇಷ್ಟ್ ವರ್ಸ ಯಾಕಪ್ಪಾ ಸಾಮಾನ್ ಕೊಟ್ರಿ? ಯಾಕ್ ಬಂದ್ ಬಂದ್ ಸರಿ ಮಾಡ್ತಿದ್ರಿ?" ಕಲ್ಲಿನ ಗೂಟ ಹಿಡಿದಿದ್ದರೂ ತಿರುಗಿಸಲಿಲ್ಲ. "ನಮ್ಮ ಮಾವ ಬದುಕಿದ್ದಾಗ್ಲೇ ಕೊಡಾಕಿಲ್ಲ ಅಂದಿದ್ರೆ, ಆ ವಯ್ಯ ಬೊಯ್ಕಂಡು ಬೊಯ್ಕಂಡು ಇನ್ನೊಂದ್ ತರ್ತಿದ್ದ. ಇವ್ರೂ ಅದ್ಕೇ ಬಣ್ಣ ಬಳ್ಕಂಡಿರೋರು. ನೀವ್ ಬತ್ತಿರೋ ಗಂಟ ಇವ್ರು ಅದನ್ನ ಬುಡ್ತಿರ್ಲಿಲ್ಲ ಕಣಪ್ಪ. ಬುಡಾಕ್ ನೀವೇ ಬುಡ್ಲಿಲ್ಲ."

"ನೀವು ಕೇಳ್ತಿದ್ರಿ ಅಕ್ಕ. ಕೇಳಿದ್ರೆ ಇಲ್ಲ ಅನ್ನಕ್ಕೆ ನಮಗೆ ಬಾಯಿ ಬರ್ತಿರ್ಲಿಲ್ಲ."

"ಮಕ್ಳು ಕೇಳ್ತವೆ ಅಂತವ ಮಚ್ಚು ಕೊಡ್ತೀಯಾ?"

ಹೀಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕೊಡದಿದ್ದಕ್ಕೆ ಬೈದವರ ಲೆಕ್ಕವಿಲ್ಲ. ಕೊಟ್ಟದ್ದಕ್ಕೆ ಕೇಳಿದವರು ಇವರೊಬ್ಬರೇ. ಎದ್ದು ಬಂದೆ.

ನಮ್ಮ ಸುತ್ತಿನಲ್ಲಿ ಆ ಮಾದರಿಯವು ಇನ್ನೂ ಕೆಲವು ಓಡುತ್ತಿದ್ದವು. ಸುತ್ತೋಲೆ ಮಡಚಿಟ್ಟು ಒಂದೊಂದೇ ಮನೆಗೆ ಹೋದೆ. ಬೋರೇಗೌಡರು ಹೇಗೆ ಸತ್ತರು ಅನ್ನುವುದನ್ನು ಕಂಡದ್ದು ಕಂಡ ಹಾಗೆ ಹೇಳಿದೆ, ಜಗಲಿಯ ಮೇಲೆ ಮುಚ್ಚಿದ್ದನ್ನೂ ಸೇರಿಸಿ. ಕೇಳಿ ಬೆಚ್ಚಿ ಅವತ್ತೇ ನಿಲ್ಲಿಸಿದವರುಂಟು. ಮಳವಳ್ಳಿ ಆಚೆ ಆಲೆಮನೆಯ ಮರಿಗೌಡರು ಮಾತ್ರ ಬೆಲ್ಲದ ಹಂಗಾಮು ಅಂತ ಒಪ್ಪಲಿಲ್ಲ. ಅವರ ಇಂಜಿನ್ ಕೆಟ್ಟು ನಿಂತಿತ್ತು, ಗವರ್ನರಿನದೇ ರೋಗ. ಕೊಪ್ಪರಿಗೆ ಕುದಿಯುತ್ತಿತ್ತು, ಕಡಿದ ಕಬ್ಬು ಒಣಗುತ್ತಿತ್ತು. ನನ್ನ ಚೀಲದಲ್ಲಿ ಬ್ರಷ್ಷೂ ಇತ್ತು, ಸೀಮೆಎಣ್ಣೆಯೂ ಇತ್ತು. ಕೂತರೆ ಊಟದ ಹೊತ್ತಿಗೆ ಓಡಿಸಿಬಿಡುತ್ತಿದ್ದೆ.

"ನೀನಿದ್ದೀಯಲ್ಲ ಮೇಸ್ತ್ರಿ, ಇದೊಂದ್ ಹಂಗಾಮು ದಾಟಿಸ್ಕೊಡು, ಕೈ ಮುಗೀತೀನಿ" ಅಂದರು. ನಿಜವಾಗಿಯೂ ಕೈ ಮುಗಿದರು, ನನ್ನ ಅಪ್ಪನ ವಯಸ್ಸಿನವರು.

"ಮುಟ್ಟಲ್ಲ ಗೌಡ್ರೇ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಬದುವಿನ ಮೇಲೆ ನಡೆದು ರಸ್ತೆ ಸೇರುವವರೆಗೂ ಹಿಂದಿನಿಂದ ಕೂಗುತ್ತಲೇ ಇದ್ದರು. "ಇಷ್ಟ್ ವರ್ಸ ನಮ್ಮನೆ ಇಟ್ಟು ತಿಂದವ್ನು, ಈಗ ಎಂಗ್ ಓಯ್ತಾವ್ನೆ ನೋಡ್ರಲಾ! ನಿನ್ನ ಮನೆ ಆಳಾಗೋಗ!" ಅಲ್ಲಿದ್ದವರೆಲ್ಲ ನೋಡುತ್ತಿದ್ದರು. ತಿರುಗಿ ನೋಡಿದರೆ ಮನಸ್ಸು ಕರಗಿ ವಾಪಸ್ ಹೋಗಿಬಿಡುತ್ತೇನೆ ಅಂತ ಭಯವಾಗಿ ತಿರುಗಲಿಲ್ಲ. ಆ ಹಂಗಾಮಿನಲ್ಲಿ ಅವರ ಕಬ್ಬು ಬಹಳಷ್ಟು ಹಾಳಾಯಿತು. ಮುಂದಿನ ಹಂಗಾಮಿಗೆ ಬೇರೆ ಕಂಪನಿಯ ಇಂಜಿನ್ ತಂದರು, ನಮ್ಮ ಅಂಗಡಿಯ ನೆರಳಿಗೂ ಬರಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಸಾಯುವ ತನಕ ನನ್ನ ಜೊತೆ ಒಂದು ಮಾತಾಡಲಿಲ್ಲ. ವಯಸ್ಸಾಗಿ, ಮನೆಯಲ್ಲಿ, ಮಂಚದ ಮೇಲೆ ಸತ್ತರು.